ಕೊಡಲಿ ಕಾವು ಸಡಿಲಾದರೆ ನೀರಲ್ಲ, ಅಗಸಿ ಎಣ್ಣೆ

ಕೊಡಲಿ, ಸುತ್ತಿಗೆಯ ಕಾವು ಅಲುಗಾಡುತ್ತಿದ್ದರೆ ನೀರಿನ ಬಕೆಟ್‌ನಲ್ಲಿ ಅದ್ದಿಡಬೇಡಿ. ಕಾವಿನ ಬುಡ ಮೇಲೆ, ಕೊಡಲಿ ಕೆಳಗೆ ಗಾಳಿಯಲ್ಲಿ ಜೋತಾಡುವ ಹಾಗೆ ಹಿಡಿದು, ಬುಡಕ್ಕೆ ಕೊಡತಿಯಿಂದ ಬಡಿಯಿರಿ. ನೋಡಿದರೆ ಉಲ್ಟಾ ಅನಿಸುತ್ತೆ, ಅಲ್ವಾ? ಆದರೆ ಭಾರವಾದ ಕಬ್ಬಿಣ ಇದ್ದಲ್ಲೇ ನಿಲ್ಲುತ್ತದೆ, ಕಾವು ಅದರೊಳಗೆ ಇಳಿಯುತ್ತದೆ. ಆಮೇಲೆ ಕಬ್ಬಿಣದೊಳಗಿರುವ ಕಾವಿನ ತುದಿಯ ಸೀಳಿಗೆ ಒಣಗಿದ ಜಾಲಿ ಕಟ್ಟಿಗೆಯ ಬೆಣೆ ಬಡಿದು, ಆ ತುದಿಯನ್ನು ಹಳೇ ಪ್ಲೇಟಿನಲ್ಲಿ ಹಾಕಿದ ಅಗಸಿ ಎಣ್ಣೆಯಲ್ಲಿ ರಾತ್ರಿಯಿಡೀ ನಿಲ್ಲಿಸಿ. ನೀರು ಕುಡಿದ ಕಟ್ಟಿಗೆ ಉಬ್ಬಿ ಕಬ್ಬಿಣಕ್ಕೆ ಒತ್ತಿ ನಲುಗುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಜಾಸ್ತಿ ಸಡಿಲು. ಅಗಸಿ ಎಣ್ಣೆ ನೀರಿನ ಹಾಗೆ ಆರಿಹೋಗುವುದಿಲ್ಲ, ಗಾಳಿ ತಾಗಿ ಒಳಗೇ ಗಟ್ಟಿಯಾಗುತ್ತದೆ. ಶೇಂಗಾ ಎಣ್ಣೆ ಹೀಗೆ ಗಟ್ಟಿಯಾಗಲ್ಲ, ಸುಮ್ನೆ ದಂಡ. ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಚಟ್ನಿಪುಡಿಗೆ ಅಗಸಿ ಇದ್ದೇ ಇರುತ್ತದೆ, ಗಾಣದಲ್ಲಿ ಎಣ್ಣೆಯನ್ನೂ ಕೇಳಿ ನೋಡಿ. ಕಾವು ಬಿರುಕು ಬಿಟ್ಟಿದ್ದರೆ ಅಥವಾ ಹುಳ ತಿಂದಿದ್ದರೆ ಇದು ನಡೆಯಲ್ಲ. ಹೊಸ ಕಾವೇ ಹಾಕಿಸಿ, ಬೀಸುವಾಗ ಕೊಡಲಿ ಹಾರಿ ಯಾರಿಗಾದರೂ ಬಡಿದೀತು. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತಬಹುದು. ಬಿಚ್ಚಿ ಹೊರಗೆ ಒಣಹಾಕಿ.