ಬಿಟ್ಟ ಆಟಕ್ಕೆ ಮರಳುವುದು ಹೇಗೆ? ಆರು ವರ್ಷಗಳ ನಂತರ ಮತ್ತೆ ಡೋಟಾ 2

2019ರ ಏಪ್ರಿಲ್‌ನಲ್ಲಿ ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ‘ಇಎಸ್‌ಎಲ್ ಒನ್ ಮುಂಬಯಿ’ ಎಂಬ, ಡೋಟಾ 2 ಕಂಪ್ಯೂಟರ್ ಆಟದ ಪಂದ್ಯಾವಳಿ ನಡೆದಾಗ, ಡೊಂಬಿವಲಿಯಿಂದ ಲೋಕಲ್ ಹಿಡಿದು ದಾದರ್‌ನಲ್ಲಿ ಇಳಿದು, ಅಲ್ಲಿಂದ ಟ್ಯಾಕ್ಸಿಯಲ್ಲಿ ಹೋಗಿ ನೋಡಿ ಬಂದ ಐವರಲ್ಲಿ ನಾನೂ ಒಬ್ಬ. ಐವರೂ ಉಡುಪಿ, ಕುಂದಾಪುರದ ಕಡೆಯಿಂದ ಬಂದ ಮನೆತನಗಳವರು. ಹಗಲು ಒಬ್ಬನಿಗೆ ಬ್ಯಾಂಕು, ಇನ್ನೊಬ್ಬನಿಗೆ ತಂದೆಯ ಹೊಟೇಲಿನ ಗಲ್ಲಾ; ರಾತ್ರಿ ಹತ್ತೂವರೆಯಾದರೆ ಎಲ್ಲರಿಗೂ ಅದೊಂದೇ ಆಟ. ಅದೇ ವರ್ಷದ ದೀಪಾವಳಿಯ ಹೊತ್ತಿಗೆ ಒಬ್ಬನಿಗೆ ಪುಣೆಗೆ ವರ್ಗವಾಯಿತು, ಇನ್ನೊಬ್ಬನಿಗೆ ಮಗು ಹುಟ್ಟಿತು, ನಾನೂ ಆಟ ನಿಲ್ಲಿಸಿದೆ. ಮತ್ತೆ ಅದನ್ನು ತೆರೆದದ್ದು 2025ರ ಮಳೆಗಾಲದಲ್ಲಿ. ಈ ನಡುವೆ ಆಟವೇ ಬೇರೆಯಾಗಿತ್ತು. ಹೀಗೆ ಮರಳಬೇಕೆಂದು ಬಯಸುವವರು ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಕೊನೆಗೆ ಬಿಡಬೇಕು ಎಂಬುದನ್ನು ನನ್ನ ಎರಡು ತಿಂಗಳ ಅನುಭವದಿಂದ ಇಲ್ಲಿ ಹೇಳುತ್ತಿದ್ದೇನೆ.

ಆಟವನ್ನು ಅರಿಯದವರಿಗೆ ಒಂದು ಮಾತು: ಡೋಟಾ 2 ಅನ್ನು ವಾಲ್ವ್ ಸಂಸ್ಥೆ 2013ರಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಿತು. ಐವರ ಎರಡು ತಂಡಗಳು ಮೂರು ದಾರಿಗಳಿರುವ ಒಂದೇ ನಕ್ಷೆಯ ಮೇಲೆ ಸೆಣಸುತ್ತವೆ; ಎದುರಾಳಿಯ ಕೋಟೆಯೊಳಗಿನ ‘ಏನ್ಷಂಟ್’ ಎಂಬ ಕಟ್ಟಡವನ್ನು ಮೊದಲು ಕೆಡವಿದವರಿಗೆ ಜಯ. ಆಯ್ದುಕೊಳ್ಳಲು ನೂರಿಪ್ಪತ್ತಕ್ಕೂ ಹೆಚ್ಚು ಹೀರೋಗಳಿದ್ದಾರೆ, ಪ್ರತಿಯೊಬ್ಬರ ಶಕ್ತಿಗಳೂ ಬೇರೆ.

ಮರಳುವವರು ಸಾಮಾನ್ಯವಾಗಿ ‘ಎಲ್ಲ ಮರೆತುಹೋಗಿದೆ’ ಎಂದು ಹೆದರುತ್ತಾರೆ. ನಿಜವಾದ ತೊಡಕು ಅದಲ್ಲ. ಮರೆತದ್ದನ್ನು ಆಟವೇ ಎರಡು ದಿನದಲ್ಲಿ ನೆನಪಿಸುತ್ತದೆ. ಆದರೆ ನೆನಪಿನಲ್ಲಿ ಗಟ್ಟಿಯಾಗಿ ಉಳಿದು, ಈಗ ಸುಳ್ಳಾಗಿರುವ ಸಂಗತಿಯನ್ನು ಯಾರೂ ತಿದ್ದುವುದಿಲ್ಲ. ನನ್ನ ಮೊದಲ ಪಂದ್ಯದಲ್ಲಿ ಆದದ್ದು ಇದೇ. ಇಪ್ಪತ್ತೈದನೆಯ ನಿಮಿಷದಲ್ಲಿ ಎದುರಾಳಿಗಳು ಕಾಣೆಯಾದರು. ಅವರು ರೋಶನ್ ಎಂಬ ದೈತ್ಯನನ್ನು ಕೊಲ್ಲುತ್ತಿರಬೇಕೆಂದು ನಾನು ಒಂದು ಕ್ಷಣವೂ ಯೋಚಿಸದೆ, ಕೈಯ ರೂಢಿಯಂತೆ, ನದಿಯ ಮಗ್ಗುಲಿನ ಹಳೆಯ ಗುಹೆಯತ್ತ ಓಡಿದೆ. ಅಲ್ಲಿ ಗುಹೆಯೇ ಇರಲಿಲ್ಲ. ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಚಿಕ್ಕಮ್ಮನ ಮಗ ಹೆಡ್‌ಫೋನಿನಲ್ಲಿ, “ಅಣ್ಣ, ರೋಶನ್ ಅಲ್ಲಿ ಇಲ್ಲ ಮಾರ್ರೆ, ಎರಡು ವರ್ಷ ಆಯ್ತು ಅಲ್ಲಿಂದ ಹೋಗಿ” ಎಂದ. ಅವನು ಹೇಳಿ ಮುಗಿಸುವಷ್ಟರಲ್ಲಿ ನಾನು ಸತ್ತಿದ್ದೆ. ಆದ್ದರಿಂದ ಕಲಿಯುವುದಕ್ಕೆ ಮೊದಲು ಕಳಚಿಕೊಳ್ಳಬೇಕು. ಈ ಲೇಖನದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ಮೊದಲು ಖಾತೆ, ಯಂತ್ರ, ತಂತಿ

ಆಟವನ್ನು ಇಳಿಸಿಕೊಳ್ಳುವ ಮೊದಲು ಸ್ಟೀಮ್ (ವಾಲ್ವ್ ಸಂಸ್ಥೆಯ ಆಟಗಳ ವೇದಿಕೆ) ಖಾತೆಗೆ ಜೋಡಿಸಿದ ಇಮೇಲ್ ಮತ್ತು ಮೊಬೈಲ್ ಸಂಖ್ಯೆ ಇನ್ನೂ ನಿಮ್ಮ ಕೈಯಲ್ಲಿವೆಯೇ ಎಂದು ನೋಡಿಕೊಳ್ಳಿ. ಕೆಲಸ ಬದಲಾದಾಗ ಕೈಬಿಟ್ಟ ಸಂಖ್ಯೆ ಇಷ್ಟರಲ್ಲಿ ಬೇರೆಯವರ ಪಾಲಾಗಿರಬಹುದು. ಪ್ರವೇಶಕ್ಕೆ ಮಾತ್ರವಲ್ಲ, ಮುಂದೆ ಸೋಲು ಗೆಲುವಿಗೆ ಅಂಕ ಏರಿಳಿಯುವ ರ‍್ಯಾಂಕ್ ಪಂದ್ಯಗಳನ್ನು ಆಡುವುದಕ್ಕೂ ಖಾತೆಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿರಲೇಬೇಕು. ಗುಪ್ತಪದವನ್ನು ಬದಲಿಸಿ, ಖಾತೆಯ ಭದ್ರತೆಗಿರುವ ಸ್ಟೀಮ್ ಗಾರ್ಡ್ ಅನ್ನು ಹೊಸ ಫೋನಿನಲ್ಲಿ ಸ್ಥಾಪಿಸಿಕೊಳ್ಳಿ.

ಹಳೆಯ ಕಂಪ್ಯೂಟರ್ ಇದ್ದರೆ ಅದರ ವಿಂಡೋಸ್ ಆವೃತ್ತಿಯನ್ನು ಗಮನಿಸಿ. 2024ರ ಜನವರಿ 1ರಿಂದ ವಿಂಡೋಸ್ 7, 8 ಮತ್ತು 8.1ಕ್ಕೆ ಸ್ಟೀಮ್ ಬೆಂಬಲ ನಿಲ್ಲಿಸಿದೆ. ಆಟಕ್ಕೆ ಡಿಸ್ಕಿನಲ್ಲಿ ಸುಮಾರು 60 ಜಿಬಿ ಜಾಗವನ್ನು ತೆರವು ಮಾಡಿಡಬೇಕು. 50 ಎಂಬಿಪಿಎಸ್ ಸಂಪರ್ಕದಲ್ಲಿ 40 ಜಿಬಿ ಇಳಿಯಲು ಎರಡು ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ರಾತ್ರಿ ಆಡಬೇಕೆಂದಿದ್ದರೆ ಬೆಳಿಗ್ಗೆಯೇ ಇಳಿಸಲು ಹಚ್ಚಿ.

ಮುಂಬಯಿಯವರು ಇಲ್ಲಿ ಇನ್ನೊಂದು ವಿಷಯಕ್ಕೆ ಗಮನ ಕೊಡಬೇಕು. ಡೋಟಾ ಪಂದ್ಯ ಸಾಮಾನ್ಯವಾಗಿ ಮೂವತ್ತೈದರಿಂದ ನಲವತ್ತೈದು ನಿಮಿಷ ನಡೆಯುತ್ತದೆ. ನಡುವೆ ಸಂಪರ್ಕ ಕಡಿದು ಒಟ್ಟು ಐದು ನಿಮಿಷ ಹೊರಗುಳಿದರೆ, ಕಾರಣ ಏನೇ ಇರಲಿ, ಆಟ ಬಿಟ್ಟು ಹೋದವರೆಂದು ನಿಮ್ಮ ಹೆಸರು ದಾಖಲಾಗುತ್ತದೆ. ಜುಲೈಯ ಮಳೆಯಲ್ಲಿ ನಮ್ಮ ಸೊಸೈಟಿಯ ಕರೆಂಟು ಎರಡೇ ನಿಮಿಷ ಹೋಗಿ ಬಂದರೂ ಕಂಪ್ಯೂಟರ್ ಏಳಬೇಕು, ರೂಟರ್ ಏಳಬೇಕು, ಆಟ ತೆರೆಯಬೇಕು. ಅಷ್ಟರಲ್ಲಿ ಐದು ನಿಮಿಷ ಕಳೆದಿರುತ್ತದೆ. ಇನ್ವರ್ಟರ್ ಇದ್ದರೆ ರೂಟರನ್ನೂ ಅದಕ್ಕೆ ಜೋಡಿಸಿ. ಇಲ್ಲದಿದ್ದರೆ ಗುಡುಗು ಕೇಳಿದ ರಾತ್ರಿ ಕಂಪ್ಯೂಟರೇ ನಡೆಸುವ ಆಟಗಾರರಾದ ಬಾಟ್‌ಗಳ ಜೊತೆ ಮಾತ್ರ ಆಡಿ. ವೈಫೈ ಬದಲು ಲ್ಯಾನ್ ತಂತಿಯನ್ನೇ ಎಳೆದುಕೊಳ್ಳಿ, ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಮಾಹಿತಿ ತೋರಿಸುವ ಆಯ್ಕೆಯನ್ನು ಹಾಕಿಡಿ, ಪ್ರದೇಶಗಳ ಪಟ್ಟಿಯಲ್ಲಿ ಭಾರತವನ್ನು ಮೊದಲು ಪ್ರಯತ್ನಿಸಿ. ಪಂದ್ಯ ಸಿಗದೆ ಬಹಳ ಹೊತ್ತು ಕಾಯಬೇಕಾದರೆ ಆಗ್ನೇಯ ಏಷ್ಯಾವನ್ನೂ ಸೇರಿಸಿಕೊಳ್ಳಬಹುದು.

ಕೀಲಿಗಳನ್ನು ಪಂದ್ಯದೊಳಗೆ ಸರಿಪಡಿಸಲು ಹೋಗಬೇಡಿ. ಕ್ವಿಕ್ ಕಾಸ್ಟ್ (ಕೀಲಿ ಒತ್ತಿದೊಡನೆ ಶಕ್ತಿ ಪ್ರಯೋಗವಾಗುವ ಆಯ್ಕೆ), ಕ್ಯಾಮೆರಾ ಸರಿಯುವ ವೇಗ, ಸಣ್ಣ ನಕ್ಷೆ ಎಡಕ್ಕೋ ಬಲಕ್ಕೋ ಎಂಬುದನ್ನೆಲ್ಲ ಮೊದಲೇ ಹಳೆಯ ರೂಢಿಗೆ ಹೊಂದಿಸಿಕೊಳ್ಳಿ. ತಲೆಯಲ್ಲಿರುವುದು ಹಳತಾಗಿರಬಹುದು, ಆದರೆ ಬೆರಳುಗಳ ಅಭ್ಯಾಸ ಇನ್ನೂ ಉಪಯೋಗಕ್ಕೆ ಬರುವ ಆಸ್ತಿ.

ಪ್ಯಾಚ್ ಟಿಪ್ಪಣಿಗಳನ್ನು ಓದುವ ಕ್ರಮ

ಪ್ಯಾಚ್ ಎಂದರೆ ಆಟಕ್ಕೆ ಆಗಾಗ ಬರುವ ಬದಲಾವಣೆಗಳ ಕಂತು. ನಾನು ಮಾಡಿದ ದೊಡ್ಡ ತಪ್ಪು, ಬಿಟ್ಟ ದಿನದಿಂದ ಇಂದಿನವರೆಗಿನ ಟಿಪ್ಪಣಿಗಳನ್ನೆಲ್ಲ ಸಾಲಾಗಿ ಓದಲು ಕುಳಿತದ್ದು. ಕಲ್ಯಾಣ ಲೋಕಲ್‌ನಲ್ಲಿ ನಾಲ್ಕು ದಿನ ಹೋಗುತ್ತಾ ಬರುತ್ತಾ ಓದಿದೆ. ಅದರಲ್ಲಿ ಬಹುಪಾಲು ಮುಂದಿನ ಆವೃತ್ತಿಗಳಲ್ಲಿ ಮತ್ತೆ ಬದಲಾಗಿತ್ತು. ಅಂದರೆ ಒಂದು ಸುಳ್ಳು ನೆನಪನ್ನು ಕಳೆಯಲು ಹೋಗಿ ಹತ್ತು ಹೊಸ ಸುಳ್ಳು ನೆನಪುಗಳನ್ನು ಕೂಡಿಸಿಕೊಂಡಿದ್ದೆ.

ಸರಿಯಾದ ಕ್ರಮ ತಿರುವುಮುರುವಾದದ್ದು. ಆಟದ ಅಧಿಕೃತ ತಾಣದಲ್ಲಿ ಆವೃತ್ತಿವಾರು ಪಟ್ಟಿ ಇದೆ. ದಶಮಾಂಶದ ಸಂಖ್ಯೆ ಬದಲಾದರೆ ಬದಲಾವಣೆ ದೊಡ್ಡದು. ಸಂಖ್ಯೆಯ ಕೊನೆಗೆ ಬಿ, ಸಿ ಎಂದು ಅಕ್ಷರ ಸೇರಿದ್ದರೆ ಸಾಮಾನ್ಯವಾಗಿ ಅಂಕಿಗಳ ತಿದ್ದುಪಡಿ ಮಾತ್ರ. ಅಕ್ಷರದವುಗಳನ್ನು ಸದ್ಯಕ್ಕೆ ಬಿಟ್ಟುಬಿಡಿ. ಇತ್ತೀಚಿನ ದೊಡ್ಡ ಆವೃತ್ತಿಯಿಂದ ಹಿಂದಕ್ಕೆ ಹೋಗುತ್ತಾ ‘ಸಾಮಾನ್ಯ ಬದಲಾವಣೆಗಳು’ ಎಂಬ ಭಾಗವನ್ನಷ್ಟೇ ಓದಿ, ಹೀರೋಗಳ ಉದ್ದದ ಪಟ್ಟಿಯಲ್ಲಿ ನೀವು ಆಡಲಿರುವ ಒಬ್ಬರದನ್ನು ಮಾತ್ರ ನೋಡಿ.

ನನ್ನಂತೆ 2019ರಲ್ಲಿ ಬಿಟ್ಟವರಿಗೆ ನಾಲ್ಕು ತಿರುವುಗಳು ಮುಖ್ಯ. ನಾನು ಬಿಟ್ಟ ಮರುತಿಂಗಳು, 2019ರ ನವೆಂಬರಿನಲ್ಲಿ ಬಂದ 7.23 ಆವೃತ್ತಿಯಲ್ಲಿ ಪ್ರತಿ ಆಟಗಾರನಿಗೂ ಕೊಂಡ ಸಾಮಾನು ಹೊತ್ತು ತರುವ ಸ್ವಂತ ಕೊರಿಯರ್ ಪ್ರಾಣಿ ಉಚಿತವಾಗಿ ಸಿಕ್ಕಿತು, ಗರಿಷ್ಠ ಲೆವೆಲ್ 25ರಿಂದ 30ಕ್ಕೆ ಏರಿತು, ಕಾಡಿನ ಪ್ರಾಣಿಗಳಿಂದ ನ್ಯೂಟ್ರಲ್ ಐಟಂ ಎಂಬ ಸಾಧನಗಳು ದೊರೆಯತೊಡಗಿದವು. ಸಪೋರ್ಟ್, ಎಂದರೆ ತಂಡಕ್ಕೆ ನೆರವಾಗುವ ಪಾತ್ರ, ಆಡುವವನು ತನ್ನ ಮೊದಲ ಚಿನ್ನವನ್ನು ಇಡೀ ತಂಡದ ಕೊರಿಯರ್‌ಗೆ ಸುರಿಯುವ ಕಾಲ ಅಲ್ಲಿಗೆ ಮುಗಿಯಿತು. 2023ರ ಏಪ್ರಿಲ್‌ನ 7.33ರಲ್ಲಿ ನಕ್ಷೆ ಶೇ. 40ರಷ್ಟು ಹಿಗ್ಗಿತು, ರೋಶನ್‌ಗೆ ಎರಡು ಗುಹೆಗಳಾಗಿ, ಹಗಲು ಒಂದರಲ್ಲಿ ಇರುಳು ಇನ್ನೊಂದರಲ್ಲಿ ಇರತೊಡಗಿದ, ನಕ್ಷೆಯ ಎರಡು ಮೂಲೆಗಳನ್ನು ಜೋಡಿಸುವ ಅವಳಿ ದ್ವಾರಗಳು ಬಂದವು. ಆಟದಲ್ಲಿ ಹಗಲೂ ಇರುಳೂ ಐದೈದು ನಿಮಿಷ. ಹಾಗಾಗಿ ಮೊದಲು ಕತ್ತಲಲ್ಲಿ ಕಣ್ಣಳತೆ ತಗ್ಗುತ್ತದೆ ಎಂಬುದಕ್ಕಷ್ಟೇ ನೋಡುತ್ತಿದ್ದ ಗಡಿಯಾರವನ್ನು ಈಗ ರೋಶನ್‌ನ ವಿಳಾಸ ತಿಳಿಯಲೂ ನೋಡಬೇಕು. 2024ರ ಮೇಯಲ್ಲಿ ಬಂದ 7.36 ಪ್ರತಿ ಹೀರೋಗೂ ಹುಟ್ಟಿನಿಂದಲೇ ಬರುವ ಒಂದು ಶಕ್ತಿಯನ್ನೂ, ಪಂದ್ಯಕ್ಕೆ ಮೊದಲು ಆಗ ಆರಿಸಿಕೊಳ್ಳಬೇಕಿದ್ದ ‘ಫ್ಯಾಸೆಟ್’ ಎಂಬ ಶಕ್ತಿಯ ಬಗೆಗಳನ್ನೂ ಕೊಟ್ಟಿತು. 2025ರ ಫೆಬ್ರವರಿಯ 7.38 ನದಿ ಮತ್ತು ನಕ್ಷೆಯನ್ನು ಮತ್ತೊಮ್ಮೆ ಬದಲಿಸಿ, ನ್ಯೂಟ್ರಲ್ ಐಟಂಗಳನ್ನು ‘ಮ್ಯಾಡ್‌ಸ್ಟೋನ್’ ಸಂಗ್ರಹಿಸಿ ನಾವೇ ತಯಾರಿಸಿಕೊಳ್ಳುವಂತೆ ಮಾಡಿತು. ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದು ಹಿಂತೆಗೆದುಕೊಳ್ಳುವುದು ಈ ಆಟದ ಸ್ವಭಾವ. ಆದ್ದರಿಂದ ನೀವು ಮರಳುವ ದಿನ ಜಾರಿಯಲ್ಲಿರುವ ಆವೃತ್ತಿಯ ಮಾತೇ ಕೊನೆಯದು.

ಓದಿದ ನಂತರ ಒಂದು ಹಾಳೆ ತೆಗೆದುಕೊಂಡು ‘ಈಗ ಹೀಗಿಲ್ಲ’ ಎಂದು ತಲೆಬರಹ ಕೊಟ್ಟು ಐದಾರು ಸಾಲು ಬರೆದಿಡಿ. ಹೊಸ ಸಂಗತಿಗಳ ಪಟ್ಟಿ ಬೇಡ, ಸುಳ್ಳಾದವುಗಳ ಪಟ್ಟಿ ಸಾಕು. ನನ್ನದರಲ್ಲಿ ‘ರೋಶನ್ ಹಳೆಯ ಜಾಗದಲ್ಲಿಲ್ಲ’, ‘ಕೊರಿಯರ್ ಕೊಳ್ಳುವುದಿಲ್ಲ’, ‘ಹಳೆಯ ವಾರ್ಡ್ ಜಾಗಗಳನ್ನು ನಂಬಬೇಡ’ (ವಾರ್ಡ್ ಎಂದರೆ ಸುತ್ತಲಿನದು ಕಾಣಲು ನೆಡುವ ಕಾವಲು ಸಾಧನ) ಎಂಬವು ಇದ್ದವು. ಮಾನಿಟರಿನ ಅಂಚಿಗೆ ಅಂಟಿಸಿದ್ದ ಆ ಚೀಟಿ ಮೂರನೆಯ ವಾರಕ್ಕೆ ಬೇಡವಾಯಿತು.

ಒಬ್ಬ ಹೀರೋ, ಒಂದು ಜಾಗ

ಹಿಂದೆ ನೀವು ಹದಿನೈದು ಹೀರೋಗಳನ್ನು ಆಡಬಲ್ಲವರಾಗಿದ್ದರೂ ಮೊದಲ ಎರಡು ವಾರ ಒಬ್ಬರನ್ನೇ ಹಿಡಿದುಕೊಳ್ಳಿ, ತಂಡದಲ್ಲಿ ಒಂದೇ ಜಾಗದಲ್ಲಿ ಆಡಿ. ಆಟದ ಉಳಿದುದೆಲ್ಲ ಬದಲಾಗಿರುವಾಗ ನಿಮ್ಮ ಕೈಯಲ್ಲಿರುವುದಾದರೂ ಬದಲಾಗದೆ ನಿಂತರೆ, ಸತ್ತಾಗ ಯಾಕೆ ಸತ್ತೆ ಎಂದು ತಿಳಿಯುತ್ತದೆ. ದಿನಕ್ಕೊಬ್ಬರನ್ನು ಬದಲಿಸಿದರೆ ತಪ್ಪು ಹೀರೋ ಬಳಸಿದ್ದರಲ್ಲಿತ್ತೋ, ನಕ್ಷೆ ಓದಿದ್ದರಲ್ಲಿತ್ತೋ ಎಂಬುದೇ ಗೊತ್ತಾಗುವುದಿಲ್ಲ.

ಸಪೋರ್ಟ್ ಆಡುವವರಿಗೆ ಕ್ರಿಸ್ಟಲ್ ಮೇಡನ್, ಚಿನ್ನ ಕೂಡಿಸಿ ಕೊನೆಗೆ ಪಂದ್ಯ ಗೆಲ್ಲಿಸುವ ಕ್ಯಾರಿ ಪಾತ್ರ ಆಡುವವರಿಗೆ ರೈತ್ ಕಿಂಗ್ ನನ್ನ ಸಲಹೆ. ಇಬ್ಬರದೂ ನೇರ ಆಟ. ಹತ್ತು ಗುಂಡಿಗಳನ್ನು ಒಂದೇ ಉಸಿರಿನಲ್ಲಿ ಒತ್ತುವ ಕಷ್ಟವಿಲ್ಲ, ಹಾಗಾಗಿ ಕಣ್ಣು ಸಣ್ಣ ನಕ್ಷೆಯ ಮೇಲೆ ನಿಲ್ಲುತ್ತದೆ. ಆ ಕಾಲದಲ್ಲಿ ನೀವು ಮೆರೆಸಿದ ಇನ್ವೋಕರ್‌ನನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಆಯ್ದವರನ್ನು ಮೊದಲು ‘ಡೆಮೊ’ ಎಂಬ ಅಭ್ಯಾಸ ಕಣದಲ್ಲಿ ತೆರೆದು ಪ್ರತಿ ಶಕ್ತಿಯ ವಿವರಣೆಯನ್ನು ಹೊಸಬರಂತೆ ಓದಿ. ಅನಂತರ ಬಾಟ್‌ಗಳ ಪಂದ್ಯದಲ್ಲಿ ಲಾಸ್ಟ್ ಹಿಟ್ ಅಭ್ಯಾಸ ಮಾಡಿ. ಪ್ರತಿ 30 ಸೆಕೆಂಡಿಗೆ ಒಂದು ದಂಡು, ಆರಂಭದಲ್ಲಿ ಒಂದೊಂದರಲ್ಲೂ ನಾಲ್ಕು ಕ್ರೀಪ್, ಎಂದರೆ ತಾವಾಗಿಯೇ ನಡೆದು ಬರುವ ಕಾಲಾಳುಗಳು. ಹತ್ತು ನಿಮಿಷಕ್ಕೆ ಒಂದು ದಾರಿಯಲ್ಲಿ ಎಂಬತ್ತಕ್ಕೆ ಮೇಲ್ಪಟ್ಟು ಬರುತ್ತವೆ. ಕ್ರೀಪ್‌ನ ಕೊನೆಯ ಉಸಿರಿಗೆ ಸರಿಯಾಗಿ ಬೀಳುವ ಏಟು ಮಾತ್ರ ಚಿನ್ನ ಕೊಡುತ್ತದೆ. ಮೊದಲ ರಾತ್ರಿ ನನಗೆ ಸಿಕ್ಕಿದ್ದು 31. ಏಟು ಬೀಸಿದ ಕ್ಷಣಕ್ಕೂ ತಾಗುವ ಕ್ಷಣಕ್ಕೂ ನಡುವಿನ ಆ ಕಿರಿದಾದ ಅಂತರವನ್ನು ಕೈ ಮರೆತಿತ್ತು. ಪ್ರತಿ ಸಲವೂ ಒಂದು ಕೂದಲೆಳೆಯಷ್ಟು ಮುಂಚೆಯೇ ಹೊಡೆಯುತ್ತಿದ್ದೆ, ಕ್ರೀಪ್ ಚೂರು ಜೀವ ಉಳಿಸಿಕೊಂಡು ಇನ್ನೊಬ್ಬರ ಏಟಿಗೆ ಸಾಯುತ್ತಿತ್ತು. ದಿನವೂ ಊಟಕ್ಕೆ ಮೊದಲು ಹತ್ತು ನಿಮಿಷ, ಬೇರೇನೂ ಮಾಡದೆ ಅದೊಂದನ್ನೇ ಮಾಡಿದೆ. ಹದಿಮೂರನೆಯ ದಿನ 54 ಸಿಕ್ಕಿತು. ಇಡೀ ಮರಳುವಿಕೆಯಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಆ ಸಂಖ್ಯೆ. ಏಕೆಂದರೆ ಎಷ್ಟು ಪ್ಯಾಚ್ ಬಂದರೂ ಬದಲಾಗದ ಕೌಶಲ ಅದು.

ಬಾಟ್, ಟರ್ಬೊ, ಮತ್ತೆ ಮನುಷ್ಯರು

ಬಾಟ್‌ಗಳ ಜೊತೆ ನಾಲ್ಕೈದು ಪಂದ್ಯ ಸಾಕು. ಅವು ಮನುಷ್ಯರಂತೆ ಹೊಂಚು ಹಾಕುವುದಿಲ್ಲವಾದ್ದರಿಂದ ಹೆಚ್ಚು ಆಡಿದರೆ ಕೆಟ್ಟ ಧೈರ್ಯ ಬೆಳೆಯುತ್ತದೆ. ಅನಂತರ ಟರ್ಬೊ ಎಂಬ ವೇಗದ ಬಗೆ. ಅದರಲ್ಲಿ ಚಿನ್ನ ಮತ್ತು ಅನುಭವ ಬೇಗ ಸಿಗುತ್ತವೆ, ಗೋಪುರಗಳು ದುರ್ಬಲ, ಪಂದ್ಯ ಬೇಗ ಮುಗಿಯುತ್ತದೆ. ಹೊಸ ಐಟಂಗಳನ್ನೆಲ್ಲ ಕೊಂಡು ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ದಾರಿಯಲ್ಲಿ ನಿಂತು ಆಡುವ ತಾಳ್ಮೆಯನ್ನು ಟರ್ಬೊ ಕಲಿಸುವುದಿಲ್ಲ. ಹತ್ತು ಪಂದ್ಯಗಳ ನಂತರ ರ‍್ಯಾಂಕ್ ಇಲ್ಲದ ಸಾಮಾನ್ಯ ಪಂದ್ಯಕ್ಕೆ ಹೋಗಿ.

ಮೊದಲ ಪಂದ್ಯಗಳಲ್ಲಿ ತಂಡದವರಿಗೆ ಆರಂಭದಲ್ಲೇ ‘ವರ್ಷಗಳ ನಂತರ ಮರಳಿದ್ದೇನೆ, ರೋಶನ್ ಸಮಯಕ್ಕೆ ಕರೆಯಿರಿ’ ಎಂದು ತಿಳಿಸಿದರೆ ಒಳ್ಳೆಯದು. ಬಹಳಷ್ಟು ಮಂದಿ ಸಹಾಯ ಮಾಡುತ್ತಾರೆ. ಬೈಯುವವರನ್ನು ಉತ್ತರಿಸದೆ ಮ್ಯೂಟ್ ಮಾಡಿ. ನಿಮ್ಮ ನಡತೆಗೂ ಮಾತಿಗೂ ಆಟ ಪ್ರತ್ಯೇಕ ಅಂಕ ಇಡುತ್ತದೆ, ಅವು ತಗ್ಗಿದರೆ ಮುಂದೆ ಸಿಗುವ ಜೊತೆಗಾರರೂ ಅಂಥವರೇ ಆಗುತ್ತಾರೆ.

ಹಳೆಯ ಐವರನ್ನು ಒಟ್ಟುಗೂಡಿಸುವ ಆಸೆ ಎಲ್ಲರಿಗೂ ಇರುತ್ತದೆ. ನಾನು ಎಲ್ಲರಿಗೂ ಫೋನ್ ಮಾಡಿದೆ. ಬಂದವರು ಇಬ್ಬರು, ಅವರಿಗೂ ಶನಿವಾರ ರಾತ್ರಿ ಮಾತ್ರ ಬಿಡುವು, ಮಗು ಮಲಗಿದ ಮೇಲೆ. ಅದು ಸಾಕಾಗಿದೆ. ಮರಳಿದವರು ತಂತಮ್ಮಲ್ಲೇ ಆಡಿದರೆ ಹಳೆಯ ತಪ್ಪುಗಳನ್ನೇ ಒಬ್ಬರಿಗೊಬ್ಬರು ನೆನಪಿಸುತ್ತಾರೆ, ಆದ್ದರಿಂದ ಆಟ ಬಿಡದೆ ಆಡುತ್ತಿರುವ ಒಬ್ಬರಾದರೂ ಗುಂಪಿನಲ್ಲಿರಲಿ. ನಮಗೆ ಪುಣೆಯ ತಮ್ಮ ಇದ್ದಾನೆ. ವಯಸ್ಸಿನಲ್ಲಿ ಹನ್ನೆರಡು ವರ್ಷ ಕಿರಿಯನಾದರೂ ಪಂದ್ಯದಲ್ಲಿ ಅವನ ಮಾತೇ ನಡೆಯುತ್ತದೆ.

ರ‍್ಯಾಂಕ್ ಕೊನೆಗೆ

ಹಳೆಯ ಪದಕ ಹಾಗೆಯೇ ಕಾದಿರುತ್ತದೆ ಎಂದುಕೊಳ್ಳಬೇಡಿ. 2023ರ ಏಪ್ರಿಲ್‌ನಿಂದ ಆಟ ಗ್ಲಿಕೋ ಪದ್ಧತಿಯನ್ನು ಅನುಸರಿಸುತ್ತಿದೆ. ಅಂಕದ ಜೊತೆಗೆ, ಆ ಅಂಕ ಎಷ್ಟು ನಂಬಲರ್ಹ ಎಂಬ ಶೇಕಡಾ ಪ್ರಮಾಣವನ್ನೂ ಅದು ಲೆಕ್ಕ ಇಡುತ್ತದೆ. ಬಹುಕಾಲ ಆಡದಿದ್ದರೆ ಆ ಪ್ರಮಾಣ ಕುಸಿಯುತ್ತದೆ, ಅದು ಕಡಿಮೆಯಿರುವಾಗ ಒಂದೊಂದು ಪಂದ್ಯದ ಸೋಲು ಗೆಲುವಿಗೂ ಅಂಕ ಹೆಚ್ಚು ಏರಿಳಿಯುತ್ತದೆ. ಆದ್ದರಿಂದಲೇ ಈ ಮೆಟ್ಟಿಲನ್ನು ಕೊನೆಗೆ ಇಟ್ಟದ್ದು: ಚೀಟಿ ನೋಡದೆ ಆಡುವ ಹಂತಕ್ಕೆ ಬಂದ ಮೇಲೆ, ಅದೇ ಒಬ್ಬ ಹೀರೋನೊಂದಿಗೆ, ಮಳೆ ಇಲ್ಲದ ಒಂದು ರಾತ್ರಿ, ಎರಡು ಪಂದ್ಯಗಳಿಂದ ಆರಂಭಿಸಿ.