ಗುಂಪಿನ ವಿಚಿತ್ರ ಸುದ್ದಿ ಓದುವುದು ಹೇಗೆ?

"ಊರಿಗೆ ಊರೇ ಹೀಗೆ ಮಾಡಿತು" ಎನ್ನುವ ಸುದ್ದಿ ಕಂಡರೆ ಮೊದಲು ಎಣಿಕೆ ನೋಡಿ. ಎಷ್ಟು ಮಂದಿಯಲ್ಲಿ ಎಷ್ಟು ಮಂದಿ? ಎಣಿಸಿದವರು ಯಾರು? 1964ರಲ್ಲಿ ನ್ಯೂಯಾರ್ಕಿನಲ್ಲಿ ಕಿಟ್ಟಿ ಜಿನೊವೀಸ್ ಎಂಬ ಯುವತಿಯ ಕೊಲೆಯಾದಾಗ 38 ಮಂದಿ ಸುಮ್ಮನೆ ನೋಡುತ್ತಿದ್ದರೆಂದು ಪತ್ರಿಕೆ ಬರೆಯಿತು. ಆ ಲೆಕ್ಕ ತಪ್ಪೆಂದು ಒಪ್ಪಿಕೊಳ್ಳಲು ದಶಕಗಳೇ ಹಿಡಿದವು.

ಆಮೇಲೆ ಕೇಳಬೇಕಾದ್ದು: ಇದು ಹೊಸದಾಗಿ ಆದದ್ದೋ, ಹೊಸದಾಗಿ ಕಂಡದ್ದೋ? ಹೆಚ್ಚಿನವರು ಎಡವುವುದು ಇಲ್ಲೇ. 1954ರ ಏಪ್ರಿಲ್‌ನಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಸಾವಿರಾರು ಕಾರುಗಳ ಮುಂದಿನ ಗಾಜಿನಲ್ಲಿ ಸಣ್ಣ ಸಣ್ಣ ಗುಳಿಗಳು ಕಂಡವು. ಅಣುಬಾಂಬ್ ಪರೀಕ್ಷೆಯ ಬೂದಿ ಬಿದ್ದಿದೆ ಎಂದರು ಕೆಲವರು. ಆದರೆ ಹಳೆಯ ಕಾರುಗಳಲ್ಲಿ ಗುಳಿ ಹೆಚ್ಚು, ಹೊಸವುಗಳಲ್ಲಿ ಕಡಿಮೆ. ಅಂದರೆ ಓಡಾಡಿ ಓಡಾಡಿ ಆದ ಸವೆತ ಅದು. ಅಲ್ಲಿಯವರೆಗೆ ಗಾಜಿನಾಚೆ ನೋಡುತ್ತಿದ್ದವರು ಆಗ ಗಾಜನ್ನೇ ನೋಡಿದರು. ಹಾಗಾಗಿ ಹಳೆಯದನ್ನೂ ಹೊಸದನ್ನೂ, ಸುದ್ದಿ ಮುಟ್ಟಿದ ಜಾಗವನ್ನೂ ಮುಟ್ಟದ ಜಾಗವನ್ನೂ ಹೋಲಿಸಿ. ದೂರುಗಳ ದಿನಾಂಕಗಳನ್ನು ಸಾಲಾಗಿ ಬರೆದುಕೊಳ್ಳಿ. ಸುದ್ದಿ ಬಂದ ಮೇಲೆ ಏರಿ, ಕೆಲವೇ ದಿನಗಳಲ್ಲಿ ಇಳಿದಿದ್ದರೆ ಹರಡಿದ್ದು ಜನರ ಗಮನವಿರಬಹುದು.

ಹಾಗೆಂದು ಎಲ್ಲವನ್ನೂ "ಬರೀ ಭ್ರಮೆ" ಎಂದು ತಳ್ಳಿಹಾಕಬೇಡಿ. 1962ರಲ್ಲಿ ಆಫ್ರಿಕಾದ ಟಾಂಗನಿಕಾದ (ಇಂದಿನ ಟಾಂಜಾನಿಯಾ) ಕಶಾಶಾ ಎಂಬ ಊರಿನ ಹುಡುಗಿಯರ ಶಾಲೆಯಲ್ಲಿ ತಡೆಯಲಾಗದ ನಗು ಹರಡಿ, ಶಾಲೆಯನ್ನೇ ಮುಚ್ಚಬೇಕಾಯಿತು. ಆ ಮಕ್ಕಳ ಸಂಕಟ ನಿಜ. ಇಂಥ ಕಡೆ ರೋಗಾಣುವಿನ ಜೊತೆಗೆ, ಅವರ ಮೇಲೆ ಯಾವ ಒತ್ತಡವಿತ್ತು ಎಂಬುದನ್ನೂ ಹುಡುಕಿ.