ನಾರ್ತ್ ಪ್ಲ್ಯಾಟ್‌ನ ಚಳಿಯಲ್ಲಿ ಗೂಡ್ಸ್ ಗಾಡಿಗಳ ಫೋಟೋ

ನಾನಿರುವುದು ಅಮೆರಿಕದ ಒಮಾಹಾದಲ್ಲಿ. ಚಳಿಗಾಲ ಬಂತೆಂದರೆ ನಾರ್ತ್ ಪ್ಲ್ಯಾಟ್‌ಗೆ ಹೊರಡುತ್ತೇನೆ. ಐ-80 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ನಾಲ್ಕು ಗಂಟೆ ದಾರಿ. ಯೂನಿಯನ್ ಪೆಸಿಫಿಕ್ ರೈಲು ಕಂಪನಿಯವರ ಬೈಲಿ ಯಾರ್ಡ್ ಇರುವುದು ಅಲ್ಲೇ. ವ್ಯಾಗನ್‌ಗಳನ್ನು ಬಿಡಿಸಿ ಬೇರೆ ಬೇರೆ ಗಾಡಿಗಳಿಗೆ ಜೋಡಿಸುವ ಯಾರ್ಡ್‌ಗಳಲ್ಲಿ ಜಗತ್ತಿಗೇ ದೊಡ್ಡದು, ಉದ್ದವೇ ಸುಮಾರು 13 ಕಿಲೋಮೀಟರ್.

ಮೊದಲ ಸಲ ಹೋಗುವವರು ಯಾರ್ಡ್ ನೋಡಲೆಂದೇ ಕಟ್ಟಿದ ಗೋಲ್ಡನ್ ಸ್ಪೈಕ್ ಟವರ್ ಹತ್ತಲೇಬೇಕು. ಎಂಟನೇ ಮಹಡಿಗೆ ಸುತ್ತಲೂ ಗಾಜು, ಒಳಗೆ ಬೆಚ್ಚಗಿರುತ್ತದೆ. ಏಳನೇ ಮಹಡಿಯಲ್ಲಿ ಬಯಲು ಗಾಳಿ. ಫೋಟೋಗೆ ಏಳನೆಯದೇ ಸರಿ, ಗಾಜಿನ ಪ್ರತಿಫಲನದ ಕಾಟ ಇರುವುದಿಲ್ಲ. ಅಲ್ಲಿಂದ ಹಂಪ್ ಕೆಲಸ, ಅಂದರೆ ದಿಬ್ಬದಿಂದ ವ್ಯಾಗನ್ ಇಳಿಬಿಟ್ಟು ವಿಂಗಡಿಸುವುದನ್ನು ನೋಡಬಹುದು. ಇಂಜಿನ್ ವ್ಯಾಗನ್‌ಗಳನ್ನು ದಿಬ್ಬದ ಮೇಲಕ್ಕೆ ತಳ್ಳುತ್ತದೆ. ನೆತ್ತಿಯಲ್ಲಿ ಕೊಂಡಿ ಬಿಡಿಸುತ್ತಾರೆ. ವ್ಯಾಗನ್ ತನ್ನ ಭಾರಕ್ಕೆ ತಾನೇ ಇಳಿದು ತನಗೆ ಹಾಕಿಟ್ಟ ಹಳಿ ಸೇರುತ್ತದೆ. ಎಷ್ಟು ನೋಡಿದರೂ ನನಗೆ ಬೇಸರವಾಗಿಲ್ಲ. ಆದರೆ ಚಿತ್ರಕ್ಕೆ ಅದು ಅಷ್ಟಾಗಿ ಒಗ್ಗುವುದಿಲ್ಲ. ಎಲ್ಲಿ ನೋಡಿದರೂ ವ್ಯಾಗನ್, ಕಂಬ, ಹಳಿ. ಕಣ್ಣು ಎಲ್ಲಿ ನಿಲ್ಲಬೇಕು ಹೇಳಿ?

ಅದಕ್ಕೇ ನಾನು ಯಾರ್ಡ್ ಬಿಟ್ಟು ಪೂರ್ವಕ್ಕೆ, ಮ್ಯಾಕ್ಸ್‌ವೆಲ್, ಬ್ರೇಡಿ ಕಡೆ ಹೋಗಿ ಕಾಯುತ್ತೇನೆ. ಅಲ್ಲಿ 30ನೇ ನಂಬರ್ ಹೆದ್ದಾರಿ ಹಳಿಯ ಜೊತೆಜೊತೆಗೇ ಸಾಗುತ್ತದೆ. ಮೂರು ಹಳಿಗಳ ಮೇನ್ ಲೈನ್. ಯಾರ್ಡ್‌ಗೆ ಬರುವ, ಯಾರ್ಡ್‌ನಿಂದ ಹೊರಡುವ ಗಾಡಿಗಳು ಬರುತ್ತಲೇ ಇರುತ್ತವೆ, ಸುತ್ತ ಬರೀ ಬಯಲು.

ಚಳಿಗಾಲದ ದೊಡ್ಡ ಲಾಭ ಬೆಳಕಿನದು. ಡಿಸೆಂಬರ್‌ನಲ್ಲಿ ಇಲ್ಲಿ ನಡುಮಧ್ಯಾಹ್ನವೂ ಸೂರ್ಯ 25 ಡಿಗ್ರಿ ಆಸುಪಾಸಿಗಷ್ಟೇ ಏರುತ್ತಾನೆ. ಬೇಸಿಗೆಯಲ್ಲಿ ಬಿಸಿಲು ನೆತ್ತಿಯಿಂದ ಬಿದ್ದು ಚಕ್ರಗಳೆಲ್ಲ ಕಪ್ಪಾಗುತ್ತವೆ. ಚಳಿಯಲ್ಲಿ ಅದೇ ಬಿಸಿಲು ಓರೆಯಾಗಿ ಬಂದು ಇಂಜಿನ್‌ನ ಕೆಳಭಾಗವನ್ನೂ ಬೆಳಗುತ್ತದೆ. ಹಳಿ ಹೆಚ್ಚುಕಮ್ಮಿ ಪೂರ್ವ-ಪಶ್ಚಿಮ. ಸೂರ್ಯ ಇಡೀ ದಿನ ದಕ್ಷಿಣಕ್ಕೇ ಇರುವುದರಿಂದ ಹಳಿಯ ದಕ್ಷಿಣಕ್ಕೆ ನಿಂತುಬಿಡಿ. ಬೆಳಗ್ಗೆ ಪೂರ್ವಕ್ಕೆ ಹೋಗುವ ಗಾಡಿಯ ಮುಖಕ್ಕೆ ಬಿಸಿಲು ಬೀಳುತ್ತದೆ. ವ್ಯೋಮಿಂಗ್‌ನ ಪೌಡರ್ ರಿವರ್ ಬೇಸಿನ್‌ನಿಂದ ಕಲ್ಲಿದ್ದಲು ತುಂಬಿಕೊಂಡು ಬರುವುದು ಅದೇ ದಿಕ್ಕಿನಲ್ಲಿ. ಮಧ್ಯಾಹ್ನದ ಮೇಲೆ ಪಶ್ಚಿಮಕ್ಕೆ ಮರಳುವ ಖಾಲಿ ಗಾಡಿಗಳ ಸರದಿ.

ಹಿಮ ಬಿದ್ದಿದ್ದರೆ ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ನಂಬಬೇಡಿ. ಅಷ್ಟು ಬಿಳಿ ಕಂಡರೆ ಅದು ಎಕ್ಸ್‌ಪೋಷರ್ (ಒಳಗೆ ಬಿಡುವ ಬೆಳಕು) ಇಳಿಸಿ ಹಿಮವನ್ನು ಬೂದಿ ಬಣ್ಣಕ್ಕೆ ತಿರುಗಿಸುತ್ತದೆ. ನಾನು ಮುಕ್ಕಾಲರಿಂದ ಒಂದು ಸ್ಟಾಪ್ ಏರಿಸುತ್ತೇನೆ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು). ಜಾಸ್ತಿ ಏರಿಸಿದರೆ ಯೂನಿಯನ್ ಪೆಸಿಫಿಕ್ ಇಂಜಿನ್‌ನ ಹಳದಿ ಬಣ್ಣ ಬೆಳಕು ಹೆಚ್ಚಾಗಿ ಸುಟ್ಟುಹೋಗುತ್ತದೆ, ಹಾಗಾಗಿ ಕ್ಯಾಮೆರಾ ತೋರಿಸುವ ಬೆಳಕು-ಕತ್ತಲೆಯ ಗ್ರಾಫ್, ಅಂದರೆ ಹಿಸ್ಟೋಗ್ರಾಮ್ ನೋಡಿಕೊಳ್ಳಬೇಕು. ಶಟರ್ 1/1000 ಸೆಕೆಂಡಿಗೆ ಇಟ್ಟರೆ ಚಕ್ರದಡಿಯಿಂದ ಹಿಟ್ಟಿನಂತೆ ಏಳುವ ಹಿಮದ ಪುಡಿಯೂ ಚೂಪಾಗಿ ಬರುತ್ತದೆ.

ಕಾರಿನಲ್ಲಿ ಹೀಟರ್ ಹಾಕಿ ಕೂತು, ಕಿಟಕಿ ಇಳಿಸಿ ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸ್‌ನಲ್ಲಿ ಕ್ಲಿಕ್ ಮಾಡಿದರೆ ಚಿತ್ರ ಕದಡಿಹೋಗುತ್ತದೆ. ಲೆನ್ಸ್‌ದು ತಪ್ಪಲ್ಲ. ಒಳಗಿನ ಬಿಸಿ ಗಾಳಿ ಹೊರಗಿನ ತಣ್ಣನೆ ಗಾಳಿಗೆ ಸೇರುವಲ್ಲಿ ಬೆಳಕು ಅಲುಗುತ್ತದೆ. ಕೆಳಗಿಳಿಯಿರಿ, ಲೆನ್ಸ್ ಕೂಡ ಸ್ವಲ್ಪ ಹೊತ್ತು ಹೊರಗೆ ತಣ್ಣಗಾಗಲಿ. ಮತ್ತೆ ಒಳಗೆ ಹೋಗುವ ಮೊದಲು ಹೊರಗೇ ನಿಂತು ಕ್ಯಾಮೆರಾವನ್ನು ಜಿಪ್ ಚೀಲಕ್ಕೆ ಹಾಕಿ ಮುಚ್ಚಿ. ನೀರಿನ ಹನಿ ಚೀಲದ ಮೇಲೆ ಕೂರುತ್ತದೆ, ಲೆನ್ಸ್ ಮೇಲಲ್ಲ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಹೆಚ್ಚುವರಿಯದು ಅಂಗಿಯ ಒಳಜೇಬಿನಲ್ಲಿ ಬೆಚ್ಚಗಿರಲಿ.

ಹಳಿ, ಅದರ ಪಕ್ಕದ ಜಾಗ ಎಲ್ಲ ಕಂಪನಿಯ ಸ್ವತ್ತು. ಅಲ್ಲಿಗೆ ಕಾಲಿಡುವಂತಿಲ್ಲ, ಸಾರ್ವಜನಿಕ ರಸ್ತೆಯಿಂದಲೇ ತೆಗೆಯಬೇಕು. ಒಂದು ಗಾಡಿಯ ಸದ್ದಿನಲ್ಲಿ ಇನ್ನೊಂದು ಹಳಿಯಲ್ಲಿ ಬರುವುದು ಕೇಳಿಸುವುದೇ ಇಲ್ಲ, ಇದು ಮಾತ್ರ ನೆನಪಿರಲಿ. ಲೆವೆಲ್ ಕ್ರಾಸಿಂಗ್ ಹತ್ತಿರ ಬಂದಾಗ ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ ಹಾರ್ನ್ ಹೊಡೆಯುತ್ತಾರೆ. ಅದು ಕೇಳಿದ ಕೂಡಲೇ ಕೈಗವಸು ತೆಗೆದು ಸಿದ್ಧವಾಗುತ್ತೇನೆ.

ಮುಂದಿನ ಇಂಜಿನ್ ದಾಟಿತೆಂದು ಕ್ಯಾಮೆರಾ ಇಳಿಸಬೇಡಿ. ಕಲ್ಲಿದ್ದಲು ಗಾಡಿಗಳಿಗೆ ಹಿಂದಿನಿಂದ ತಳ್ಳುವ ಇಂಜಿನ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದರ ಮೂತಿಯ ಮೇಲೆ ಗಾಡಿ ಎಬ್ಬಿಸಿದ ಹಿಮವೆಲ್ಲ ಮೆತ್ತಿಕೊಂಡಿರುತ್ತದೆ. ನನ್ನ ಒಳ್ಳೆಯ ಚಿತ್ರಗಳಲ್ಲಿ ಎಷ್ಟೋ ಆ ಕೊನೆಯ ಇಂಜಿನ್‌ನವು.